ಸೀನಮೀಮಾಂಸೆ: ತಲಕಾಡು ಸೀಮೆಯ ಫ್ಲೂ ಸಂಕಥನಕ್ಕೊಂದು ಪ್ರವೇಶಿಕೆ

ಸೀನು ಎಂದರೇನು? ಈ ಮೂಲಭೂತ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳುವಷ್ಟರಲ್ಲಿ ಸೀನು ಬಂದಿರಬೇಕು. ಪ್ರಸ್ತುತ ಪ್ರಬಂಧವು ಸೀನನ್ನು ಶ್ವಾಸಕೋಶೀಯ ಅನನ್ಯತೆಯ ಸ್ಫೋಟಾತ್ಮಕ ಅಭಿವ್ಯಕ್ತಿಯೆಂಬ ನೆಲೆಯಲ್ಲಿ ಅನುಸಂಧಾನಕ್ಕೆ ಒಳಪಡಿಸುತ್ತದೆ.

ಸೀನು ನಾಲ್ಕು ಬಗೆ: ಒಂಟಿ, ಜೋಡಿ, ಸಾಮೂಹಿಕ, ಮೈಕಿನ ಮುಂದಿನದು. ಒಂಟಿ ಅಪಶಕುನ, ಜೋಡಿ ಶುಭ. ಸಾಮೂಹಿಕವು ಮಳೆಯ ದಿನ ಕಿಟಕಿ ಮುಚ್ಚಿದ ತಿ. ನರಸೀಪುರದ ಬಸ್ಸಿನಲ್ಲಿ ದೊರೆಯುತ್ತದೆ. ನಾಲ್ಕನೆಯದಕ್ಕೆ ಆಮೇಲೆ ಬರುತ್ತೇನೆ.

ಕ್ಷೇತ್ರಕಾರ್ಯಕ್ಕೆ ತಲಕಾಡನ್ನು ಆಯ್ದುಕೊಂಡದ್ದು ಸಕಾರಣ. ತಲ, ಕಾಡ ಎಂಬ ಬೇಡರ ಕೊಡಲಿಯೇಟು ತಿಂದ ಶಿವ, ತನ್ನ ಗಾಯಕ್ಕೆ ತಾನೇ ಮದ್ದು ಹೇಳಿ ವೈದ್ಯನಾಥನಾದ ಊರಿದು. ಏಟು ಬಿದ್ದ ಮೇಲೇ ಮದ್ದು ಎಂಬ ನಮ್ಮ ಸೀಮೆಯ ಸಿದ್ಧಾಂತದ ಮೂಲ ಇಲ್ಲಿರಬಹುದು. ಫ್ಲೂ ಲಸಿಕೆ ಹಾಕಿಸಿಕೊ ಎಂದದ್ದಕ್ಕೆ ಪಕ್ಕದ ಮನೆಯ ಅಜ್ಜಿ ಅದನ್ನು ಹೀಗೆ ಮಂಡಿಸಿತು: “ಜರ ಬರ್ಲಿ ಕಣ್ಲಾ, ಎಲ್ಡು ಸೂಜಿ ಬೇಕಾದ್ರೂ ಹಾಕುಸ್ಕತೀನಿ. ನೆಟ್ಟಗಿರೋಳ್ಗೆ ಯಾಕ್ಲಾ ಚುಚ್ಚುಸೀಯೆ?”

ಉತ್ತರ ಈ ಊರಿನ ಮರಳಿನಲ್ಲಿದೆ. ಕೆಲವು ವರ್ಷಗಳಿಗೊಮ್ಮೆ ಬರುವ ಪಂಚಲಿಂಗ ದರ್ಶನಕ್ಕೆಂದು ಪಾತಾಳೇಶ್ವರ, ಮರಳೇಶ್ವರ ಗುಡಿಗಳ ಮರಳು ಬಾಚುತ್ತಾರೆ. ಗಾಳಿ ಮತ್ತೆ ತಂದು ಸುರಿಯುತ್ತದೆ. ಫ್ಲೂ ವೈರಸ್ಸೂ ಹಾಗೇ, ಮೈಮೇಲಿನ ಪ್ರೋಟೀನನ್ನು ಚೂರುಚೂರೇ ಬದಲಿಸಿಕೊಂಡು ಬರುತ್ತದೆ. ಹೋದ ವರ್ಷ ಮೈಯಲ್ಲಿ ಹುಟ್ಟಿದ ಕಾವಲಿಗೆ ಅದರ ಗುರುತು ಸಿಗುವುದು ಕಷ್ಟ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ ಲಸಿಕೆಯ ತಳಿಪಟ್ಟಿ ತಿದ್ದುವುದು, ಅದಕ್ಕೇ ವರ್ಷಕ್ಕೊಂದು ಸೂಜಿ. ಹಾಕಿಸಿಕೊಂಡು ಎರಡು ವಾರವಾದರೆ ಮೈ ಸಜ್ಜಾಗುತ್ತದೆ. ಜ್ವರ ಬಂದ ಮೇಲೆ ಹಾಕಿಸಿಕೊಂಡರೆ ಆ ಜ್ವರಕ್ಕೆ ಅದು ಮದ್ದಲ್ಲ. ಪಂಚಲಿಂಗ ದರ್ಶನಕ್ಕೆ 2013ರಿಂದ 2020ರವರೆಗೆ ಕಾದೆವು. ಫ್ಲೂ ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ ತಾನೇ ಬರುತ್ತದೆ.

ಇನ್ನು ನಾಲ್ಕನೆಯ ಬಗೆ. ‘ಸಾಮುದಾಯಿಕ ಪ್ರತಿರಕ್ಷಾ ಸಬಲೀಕರಣದ ಬಹುಆಯಾಮಗಳು’ ಎಂಬ ಸಭೆಗೆ, ಮೂರು ವಾರ ಗೋಗರೆದು ಒಪ್ಪಿಸಿ ಅಜ್ಜಿಯನ್ನು ಕರೆದೊಯ್ದೆ. ಹಾರ, ಶಾಲು, ಎರಡು ಗಂಟೆ ಭಾಷಣ. ಭಾಷಣಕಾರರು ಮೈಕಿಗೇ ಸೀನಿದರು, ಮುಂದಿನ ಸಾಲಿಗೆ ತುಂತುರು. ಅಜ್ಜಿ ರವಿಕೆಯ ತೋಳು ಮೇಲೆ ಸರಿಸಿಕೊಂಡು ಕೂತಿತ್ತು. ಸಿಕ್ಕಿದ್ದು ಒಂದು ಕರಪತ್ರ, ಒಂದು ಬಿಸ್ಕತ್ತಿನ ಪೊಟ್ಟಣ. ಲಸಿಕೆ ತಂದೇ ಇರಲಿಲ್ಲ.

ವರ್ಗೀಕರಣ ಹಾಳಾಗಲಿ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಪಟ್ಟಿಯಲ್ಲಿ ಫ್ಲೂ ಲಸಿಕೆಯೇ ಇಲ್ಲ. ಬೇಕಿದ್ದವರು ಖಾಸಗಿಯಲ್ಲಿ ದುಡ್ಡು ತೆತ್ತು ಹಾಕಿಸಿಕೊಳ್ಳಬೇಕು. ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಭಯ ಹೆಚ್ಚಿರುವುದು ವಯಸ್ಸಾದವರಿಗೆ, ದಮ್ಮು, ಸಕ್ಕರೆ ಕಾಯಿಲೆ ಇರುವವರಿಗೆ. ಇಷ್ಟು ಹೇಳಲು ಶಾಲು ಯಾಕೆ ಸ್ವಾಮಿ? ಆ ಶಾಲು-ಹಾರದ ದುಡ್ಡಿನಲ್ಲಿ ಒಂದು ತೋಳಿಗಾದರೂ ಸೂಜಿ ಬೀಳುತ್ತಿರಲಿಲ್ಲವೆ?

ವಾಪಸು ಬರುವ ಬಸ್ಸಿನಲ್ಲೂ ಅಜ್ಜಿ ಆ ತೋಳನ್ನು ಇಳಿಸಿರಲಿಲ್ಲ. “ಮುಂದ್ಲೂರಲ್ಲಿ ಚುಚ್ತಾರೇನ್ಲಾ?” ಅಂತು.