ಮೂವತ್ತು ಕಿಲೋ ಸೋದರಮಾವ

ಅಕ್ಕನ ಮಗ ಫೋನ್ ಮಾಡಿ, "ಮಾವ, ಶ್ರೀಲಂಕಾಕ್ಕೆ ಬರ್ತೀರಾ? ಖರ್ಚೆಲ್ಲ ನಂದು" ಅಂದಾಗ ನನ್ನ ಗಂಟಲು ಕಟ್ಟಿದ್ದು ಸುಳ್ಳಲ್ಲ. ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲೇಕಾಯಿ ಪರಿಷೆ ಸುತ್ತಿಸಿದ ಋಣ ಬಡ್ಡಿ ಸಮೇತ ತೀರುತ್ತಿದೆ ಅಂದುಕೊಂಡೆ. ಎರಡು ದಿನ ಬಿಟ್ಟು ಇನ್ನೊಂದು ಫೋನ್ ಬಂತು. "ಮಾವ, ನಿಮ್ಮ ಟಿಕೆಟ್ಟಿಗೆ 30 ಕಿಲೋ ಲಗೇಜು ಬಿಡ್ತಾರೆ. ನಿಮಗೆಷ್ಟು ಬೇಕಾಗತ್ತೆ? ಎರಡು ಪಂಚೆ, ಒಂದು ಟವೆಲು, ಅಷ್ಟೇ ತಾನೆ?"

ಗಂಟಲು ತಾನಾಗಿಯೇ ಸಡಿಲವಾಯಿತು.

ಅಳಿಯನಿಗೆ ಕೈಟ್ ಸರ್ಫಿಂಗ್ ಹುಚ್ಚು. ಕಾಲಿಗೊಂದು ಹಲಗೆ, ಸೊಂಟಕ್ಕೊಂದು ಪಟ್ಟಿ, ಆ ಪಟ್ಟಿಗೆ ಸಿಕ್ಕಿಸಿಕೊಂಡು ಆಕಾಶದಲ್ಲಿ ಒಂದು ದೊಡ್ಡ ಗಾಳಿಪಟ. ಅದು ಎಳೆದತ್ತ ಇವನು ನೀರಿನ ಮೇಲೆ ಜಾರುತ್ತಾನೆ. "ಸಂಸಾರ ಅಂದ್ರೂ ಇದೇ ಅಲ್ವೇನೋ" ಅಂದೆ. "ಮಾವ, ಇದು ಒಲಿಂಪಿಕ್ಸ್ ಆಟ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮಾರ್ಸೇಲ್ ಸಮುದ್ರದಲ್ಲಿ ಆಡಿಸಿದ್ರು" ಅಂತ ಮುಖ ಊದಿಸಿಕೊಂಡ. ಹೋಗುತ್ತಿದ್ದದ್ದು ಶ್ರೀಲಂಕಾದ ವಾಯವ್ಯ ಕರಾವಳಿಯ ಕಲ್ಪಿಟಿಯಕ್ಕೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳಿನ ನಾಲಗೆ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಅಲ್ಲಿ ನೈಋತ್ಯ ಮಾರುತ ಬಿಡುವಿಲ್ಲದೆ ಬೀಸುತ್ತದಂತೆ.

ನೈಋತ್ಯ ಮಾರುತ ನನಗೆ ಹೊಸಬನಲ್ಲ. ನಮ್ಮ ಆಷಾಢದ ಗಾಳಿಯೇ ಅದು. ಚಾಮರಾಜಪೇಟೆಯ ತಾರಸಿಯಲ್ಲಿ ಅದೇ ಗಾಳಿಗೆ ನಾವೂ ಪಟ ಹಾರಿಸಿದವರು. ಆಗಿನ ಸಲಕರಣೆ ಅಂದರೆ ಒಂದು ಹಾಳೆ ಪೇಪರು, ಅಮ್ಮನ ಪೊರಕೆಯಿಂದ ಎಳೆದ ಎರಡು ಕಡ್ಡಿ, ಅಂಟಿಗೆ ನಾಲ್ಕು ಅಗುಳು ಅನ್ನ, ಬಾಲಂಗೋಚಿಗೆ ಹಳೇ ಸೀರೆಯ ಅಂಚು. ಸೂತ್ರ ಸರಿ ಕೂತರೆ ಹಾರುತ್ತಿತ್ತು, ಇಲ್ಲದಿದ್ದರೆ ಕಡ್ಡಿ ಕದ್ದದ್ದಕ್ಕೆ ಅದೇ ಪೊರಕೆಯಿಂದ ಏಟು ಬೀಳುತ್ತಿತ್ತು.

ಹಾಗಾದರೆ ಹೊಸದಾಗಿ ಮದುವೆಯಾದ ಹೆಂಡತಿಯನ್ನು ಬಿಟ್ಟು ನನ್ನನ್ನೇಕೆ ಕರೆದ? ಅದಕ್ಕೂ ಆಷಾಢವೇ ಕಾರಣ. ಹುಡುಗಿ ತವರಿಗೆ ಹೋಗಿದ್ದಳು. ಎರಡು ವರ್ಷ ಇವನ ಜೊತೆ ಒಂದೇ ಆಫೀಸಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳಿಗೆ ಈ ಶಾಸ್ತ್ರ ಯಾವಾಗ ನೆನಪಾಯಿತೋ. ಲಗೇಜಿನ ಪಟ್ಟಿ ನೋಡಿದ ಮೇಲೆಯೇ ಅಂತ ನನ್ನ ಗುಮಾನಿ.

ಸಾಮಾನು ಕಟ್ಟುವ ದಿನ ಅಕ್ಕನ ಮನೆಗೆ ಹೋದೆ. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರು ಗಾಳಿಪಟ: 7, 9, 12. ಇದು ರೂಪಾಯಿ ಅಲ್ಲ, ಅಡಿಯೂ ಅಲ್ಲ, ಚದರ ಮೀಟರು. ನಾನು ಮದುವೆಯಾದ ಹೊಸತರಲ್ಲಿ ಬಾಡಿಗೆಗಿದ್ದ ಕೋಣೆ ಹನ್ನೆರಡರ ಪಟಕ್ಕಿಂತ ಚಿಕ್ಕದಿತ್ತು. "ಒಬ್ಬ ಮನುಷ್ಯನಿಗೆ ಮೂರು ಯಾಕೋ?"

"ಗಾಳಿ ಕಮ್ಮಿ ಇದ್ರೆ ದೊಡ್ಡದು, ಜೋರಿದ್ರೆ ಚಿಕ್ಕದು. ಒಂದು ಅಂದಾಜು ಸೂತ್ರ ಇದೆ ಮಾವ. ದೇಹದ ತೂಕವನ್ನ ಗಾಳಿಯ ವೇಗದಿಂದ ಭಾಗಿಸಿ 2.2ರಿಂದ ಗುಣಿಸೋದು. ವೇಗ ನಾಟ್ ಲೆಕ್ಕದಲ್ಲಿ. 20 ನಾಟ್ ಅಂದ್ರೆ ಗಂಟೆಗೆ 37 ಕಿಲೋಮೀಟರು."

ನಮ್ಮ ಕಾಲದಲ್ಲಿ ಸೂತ್ರ ಅಂದರೆ ದಾರ ಕಟ್ಟುವ ಗಂಟು. ಈಗ ಅದೂ ಬೀಜಗಣಿತ ಸೇರಿದೆ. ಇರಲಿ. ಇವನು ತನ್ನ ತೂಕ ಎಷ್ಟೆಂದು ಬಾಯಿ ಬಿಡಲಿಲ್ಲ. ಆದರೆ ಚೀಲ ತೂಗಲು ಬೇರೆ ದಾರಿಯಿಲ್ಲದೆ, ಅದನ್ನು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಂತ. ಆಮೇಲೆ ಚೀಲ ಬಿಟ್ಟು ನಿಂತ. ನಾನು ಹಿಂದಿನಿಂದ ಇಣುಕಿದೆ. 86! ಪೆನ್ನು ತೆಗೆದುಕೊಂಡು ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕಿದೆ. 25 ನಾಟ್ ಗಾಳಿಗೆ ಏಳೂವರೆ, 20ಕ್ಕೆ ಒಂಬತ್ತೂವರೆ, 16ಕ್ಕೆ ಹನ್ನೆರಡರ ಹತ್ತಿರ. ಅವನು ಹೇಳಿದ್ದು ಸರಿಯೇ. ಆದರೆ ಅದೇ ಲೆಕ್ಕದಲ್ಲಿ ತೂಕವನ್ನು 70 ಮಾಡಿದರೆ 16 ನಾಟಿಗೂ ಒಂಬತ್ತೂವರೆ ಸಾಕು. "ನೋಡೋ, ನಿನ್ನ ಹೊಟ್ಟೆಯ ಮೇಲಿನ 16 ಕಿಲೋ ಹೊರೋದಕ್ಕೆ 4 ಕಿಲೋದ ಪಟ. ಆ 4 ಕಿಲೋ ಹೊರೋದಕ್ಕೆ ನಾನು. ಬೆಣ್ಣೆ ದೋಸೆ ಬಿಟ್ಟಿದ್ರೆ ಇಬ್ಬರಿಗೂ ವಿಮೋಚನೆ ಆಗ್ತಿತ್ತು." ಅಕ್ಕ ಅಡುಗೆಮನೆಯಿಂದಲೇ, "ಮಗು ಮೇಲೆ ಕಣ್ಣು ಹಾಕಬೇಡ" ಅಂದಳು. ಮಗುವಿಗೆ ಮೂವತ್ತೊಂದು.

ಹನ್ನೆರಡನ್ನು ಬಿಡೋ ಅಂದೆ. ಬಿಡಲಿಲ್ಲ. "ಗಾಳಿ ಕೈಕೊಟ್ರೆ?" ಕಲ್ಪಿಟಿಯದಲ್ಲಿ ಆ ತಿಂಗಳು ಗಾಳಿ ಸಾಮಾನ್ಯವಾಗಿ 18ರ ಮೇಲೆಯೇ ಇರುತ್ತದೆ ಅಂತ ಐದು ನಿಮಿಷದ ಹಿಂದೆ ಹೇಳಿದವನು ಇವನೇ. ಆಷಾಢದಲ್ಲಿ ಗಾಳಿ ಕೈಕೊಡುತ್ತದೆಂದು ಹೆದರುವ ಕನ್ನಡಿಗ ಅಂತ ನಾನು ನೋಡಿದ್ದು ಇವನೊಬ್ಬನನ್ನೇ.

ಆಮೇಲೆ ಈಜುಡುಗೆ ಬಂತು. ಕಪ್ಪು ರಬ್ಬರಿನದು, ಕತ್ತಿನಿಂದ ಕಣಕಾಲಿನ ತನಕ. ಯಾವುದೋ ಯುರೋಪಿನ ವಿಡಿಯೋ ನೋಡಿ ಕೊಂಡದ್ದು. ಅಲ್ಲಿನ ಸಮುದ್ರ ಐಸು, ಅವರಿಗೆ ಬೇಕು. ಶ್ರೀಲಂಕಾದ ನೀರು 27, 28 ಡಿಗ್ರಿ, ನಮ್ಮ ಮನೆಯ ಸೋಲಾರ್ ನೀರಿಗಿಂತ ವಾಸಿ. "ಇದನ್ನ ಹಾಕ್ಕೊಂಡು ಇಳಿದ್ರೆ ಕಡುಬು ಬೆಂದ ಹಾಗೆ ಬೇಯ್ತೀಯ" ಅಂದೆ. ಅದನ್ನು ಬಿಟ್ಟ. ಬಿಸಿಲಿಗೆ ತೋಳು ಮುಚ್ಚುವ ತೆಳ್ಳನೆಯ ಲೈಕ್ರಾ ಅಂಗಿ ಸಾಕಾಯಿತು.

ಪಂಪಿನ ವಿಚಾರದಲ್ಲಿ ದೊಡ್ಡ ಜಗಳವಾಯಿತು. ಈ ಪಟಗಳ ಮುಂದಿನ ಅಂಚಿನಲ್ಲಿ ಒಂದು ಕೊಳವೆ. ಸೈಕಲ್ ಟ್ಯೂಬಿನಂತೆ ಗಾಳಿ ತುಂಬಿದರೆ ಪಟಕ್ಕೆ ಬೆನ್ನುಮೂಳೆ ಬರುತ್ತದೆ, ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಏಳುತ್ತದೆ. ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಅನ್ನುವ ಅಣ್ಣತಮ್ಮಂದಿರು 1984ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಪುಣ್ಯಾತ್ಮರು ಪೊರಕೆ ಕಡ್ಡಿಯನ್ನೇ ಉಳಿಸಿಕೊಂಡಿದ್ದರೆ ನನಗೆ 2 ಕಿಲೋ ಪಂಪು ತಪ್ಪುತ್ತಿತ್ತು. "ಅಲ್ಲಿ ಇದನ್ನ ಕಲಿಸೋ ಶಾಲೆಗಳಿವೆ ಅಂತೀಯ. ಅವರ ಹತ್ರ ಪಂಪು ಇರಲ್ವಾ? ಪಂಕ್ಚರ್ ಅಂಗಡಿಗೆ ಯಾರಾದ್ರೂ ಪಂಪು ಹೊತ್ಕೊಂಡು ಹೋಗ್ತಾರಾ?" ಇದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ. ಪಂಪು ಅಟ್ಟ ಸೇರಿತು. ಖಾಲಿಯಾದ 2 ಕಿಲೋ ಜಾಗಕ್ಕೆ ಚಟ್ನಿಪುಡಿ, ಹುರಿಗಾಳು, ಒಂದು ಡಬ್ಬಿ ಕೋಡುಬಳೆ ಬಂದು ಕೂತವು. ಯಾರು ತಂದಿಟ್ಟರು ಅಂತ ಕೇಳಬೇಡಿ.

ಒಂದು ವಸ್ತುವಿನ ಬಗ್ಗೆ ಮಾತ್ರ ಇಬ್ಬರಿಗೂ ಒಮ್ಮತ. ಸೊಂಟದ ಪಟ್ಟಿ, ಅಂದರೆ ಹಾರ್ನೆಸ್ಸು. ಪಟದ ಪೂರ್ತಿ ಎಳೆತ ಅದರ ಮೇಲೆಯೇ. ಹಲಗೆ ಬಾಡಿಗೆಗೆ ಸಿಗುತ್ತದೆ, ಪಟವೂ ಸಿಗುತ್ತದೆ. ಇನ್ನೊಬ್ಬರ ಹಾರ್ನೆಸ್ಸು ಕಟ್ಟಿಕೊಳ್ಳುವುದು ಮಾತ್ರ ಇನ್ನೊಬ್ಬರ ಹಲ್ಲುಸೆಟ್ಟು ಹಾಕಿಕೊಂಡು ಕೋಡುಬಳೆ ಕಡಿದಂತೆ. ಅದು ಕೈಚೀಲದಲ್ಲೇ ಬರಲಿ, ಮಿಕ್ಕದ್ದು ಕಳೆದರೂ ಪರವಾಗಿಲ್ಲ ಅಂದೆ. ಕೈಚೀಲ ಬಿಚ್ಚಿ ನೋಡಿದರೆ ಅದರೊಳಗೆ ದಾರ ಕತ್ತರಿಸುವ ಕೊಕ್ಕೆ ಚಾಕು! ಅಪಾಯಕ್ಕೆ ಇರಲಿ ಅಂತ ಹಾರ್ನೆಸ್ಸಿಗೇ ಸಿಕ್ಕಿಸಿದ್ದನಂತೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮೊದಲ ಅಪಾಯ ಅದರಿಂದಲೇ ಬರುತ್ತಿತ್ತು. ಕಿತ್ತು ದೊಡ್ಡ ಚೀಲಕ್ಕೆ ಹಾಕಿದೆ. ಹಲಗೆಯ ತಳದ ರೆಕ್ಕೆಗಳು ಮುರಿಯದಿರಲಿ ಅಂತ ನನ್ನ ಎರಡೂ ಪಂಚೆ ಅದಕ್ಕೆ ಸುತ್ತಿದ. ಹರಿದ ಪಟಕ್ಕೆ ಹಚ್ಚುವ ಟೇಪು ಒಂದು ಸುರುಳಿ ಇತ್ತು. ಇದು ಯಾಕೆ ದಂಡ ಅಂತ ನಾನೇ ತೆಗೆದಿಟ್ಟೆ, ಅವನು ಮತ್ತೆ ಒಳಗೆ ತುರುಕಿದ.

ಎಲ್ಲ ಕಟ್ಟಿದ ಮೇಲೆ ಚೀಲದ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದು ಕಂಡಿತು: 'ಗಾಲ್ಫ್'.

"ಇದೇನೋ?"

"ಹಾಗೇ ಬರೆದು ಮಾರ್ತಾರೆ ಮಾವ. ಎಷ್ಟೋ ವಿಮಾನಗಳಲ್ಲಿ ಗಾಲ್ಫ್ ಚೀಲಕ್ಕೆ ರಿಯಾಯಿತಿ, ಸರ್ಫ್ ಹಲಗೆಗೆ ದಂಡ. ಕೌಂಟರಿನಲ್ಲಿ ಯಾರಾದ್ರೂ ಕೇಳಿದ್ರೆ ನೀವು ಸುಮ್ನೆ ನಕ್ಕುಬಿಡಿ. ನೋಡೋಕೆ ರಿಟೈರ್ಡ್ ಇದೀರಿ, ನಂಬ್ತಾರೆ."

ಈ ಕಳ್ಳಬುದ್ಧಿ ಗಾಳಿಪಟದವರಿಗೆ ಇವತ್ತಿನದಲ್ಲ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಜಾರ್ಜ್ ಪೊಕಾಕ್ ಅನ್ನುವ ಶಾಲಾ ಮೇಷ್ಟ್ರು 1826ರಲ್ಲಿ ಗಾಳಿಪಟ ಎಳೆಯುವ ಸಾರೋಟಿಗೆ ಪೇಟೆಂಟ್ ಮಾಡಿಸಿದರು. ಆಗ ಸುಂಕದ ಕಟ್ಟೆಯಲ್ಲಿ ಕುದುರೆಗಳನ್ನು ಎಣಿಸಿ ದುಡ್ಡು. ಕುದುರೆಯೇ ಇಲ್ಲದ ಮೇಷ್ಟ್ರ ಗಾಡಿ ಬಿಟ್ಟಿ ಹೋಗುತ್ತಿತ್ತಂತೆ. ಹೆದ್ದಾರಿ ಟೋಲಿನಲ್ಲಿ ಫಾಸ್ಟ್‌ಟ್ಯಾಗ್ ಕೀ ಅನ್ನುವಾಗಲೆಲ್ಲ ನಾನು ಆ ಮೇಷ್ಟ್ರನ್ನು ನೆನೆಯುತ್ತೇನೆ.

ಬೆಂಗಳೂರಿನ ಕೌಂಟರಿನಲ್ಲಿ ನಕ್ಕೆ. ಚೀಲ ಪಾಸಾಯಿತು. ಕೊಲಂಬೊ ನಿಲ್ದಾಣದಿಂದ ಪುತ್ತಳಂ ರಸ್ತೆ ಹಿಡಿದು ಮೂರು ಗಂಟೆಗೂ ಮಿಕ್ಕ ದಾರಿ. ಕೊನೆಗೆ ಎಡಕ್ಕೆ ತಿರುಗಿದ ಮೇಲೆ ಗಾಳಿಯಂತ್ರಗಳು, ತೆಂಗಿನ ತೋಟ, ರಸ್ತೆಯಲ್ಲಿ ಯಾರಪ್ಪನ ಭಯವೂ ಇಲ್ಲದೆ ನಿಂತ ಕತ್ತೆಗಳು. ಅವುಗಳ ಬೆನ್ನ ಮೇಲೆ ಏನೂ ಹೊರೆ ಇರಲಿಲ್ಲ. ನೋಡಿ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನಾಲ್ಕು ದಿನ ಗಾಳಿ ಹುಯ್ಯೋ ಅಂತ ಬೀಸಿತು. ಮೂರು ದಿನ ಒಂಬತ್ತು, ಒಂದು ದಿನ ಏಳು. ಹನ್ನೆರಡರ ಚೀಲದ ಜಿಪ್ಪು ತೆರೆಯಲೇ ಇಲ್ಲ. ದಡದಲ್ಲಿ ನಾನು ಅದನ್ನು ದಿಂಬು ಮಾಡಿಕೊಂಡು ಮಲಗುತ್ತಿದ್ದೆ. ಕೊನೆಯ ಸಂಜೆ ಅಳಿಯ ನೀರಿನಿಂದ ಬರುತ್ತ ನೆತ್ತಿ ನೆತ್ತಿ ತಟ್ಟಿಕೊಂಡ. ಏನೋ ಕಳಕೊಂಡು ಕರ್ಮ ಅಂತ ಬಡಿದುಕೊಳ್ಳುತ್ತಿದ್ದಾನೆ ಅಂತ ನಾನು ಕೂತಲ್ಲಿಂದಲೇ ಸಮಾಧಾನದ ಕೈ ಬೀಸಿದೆ. ಪಟ ಇಳಿಸುತ್ತೇನೆ, ಹಿಡಿದುಕೊಳ್ಳಿ ಅನ್ನುವ ಸನ್ನೆಯಂತೆ ಅದು! ಪಕ್ಕದವರು ಕೂಗಿದ ಮೇಲೆ ಎದ್ದು ಓಡಿ ಹಿಡಿದೆ. ಹಿಡಿದವನು ಉತ್ಸಾಹಕ್ಕೆ ಹತ್ತು ಹೆಜ್ಜೆ ಹಿಂದಕ್ಕೆ ಎಳೆದೆ. ಹಿಂದೆ ಮುಳ್ಳಿನ ಪೊದೆ ಇತ್ತು. ಅಳಿಯ ಏನೂ ಅನ್ನಲಿಲ್ಲ. ನಾನು ಬೇಡ ಅಂದಿದ್ದ ಟೇಪಿನ ಸುರುಳಿಯನ್ನು ತಂದು ನನ್ನ ಕೈಗೇ ಕೊಟ್ಟ.

ವಾಪಸು ಬರುವಾಗ ಕೊಲಂಬೊ ಕೌಂಟರಿನಲ್ಲಿ ಚೀಲ 31 ಕಿಲೋ ತೂಗಿತು. ಕೋಡುಬಳೆ ಖಾಲಿಯಾಗಿತ್ತು, ಒದ್ದೆ ಮರಳು ತುಂಬಿತ್ತು. ಅಲ್ಲಿದ್ದ ಹುಡುಗಿ ಚೀಲದ ಮೇಲಿನ ಅಕ್ಷರ ಓದಿದಳು, ನನ್ನ ನರೆಗೂದಲು ನೋಡಿದಳು. ಒಂದು ಕಿಲೋ ಲೆಕ್ಕಕ್ಕೆ ಹಿಡಿಯಲಿಲ್ಲ. "ಆಟ ಚೆನ್ನಾಗಿತ್ತಾ ಸರ್? ಎಷ್ಟು ಹೋಲ್ ಆಡಿದ್ರಿ?"

ಅಳಿಯ ನನ್ನ ಕಾಲು ತುಳಿದ. ನಾನು ನಕ್ಕೆ.

"ಒಂದೇ ಹೋಲ್ ಕಣಮ್ಮ. ಅದಕ್ಕೂ ಟೇಪ್ ಹಚ್ಚಿದ್ದೀವಿ."