ಯಮನ್, ಊಟವಾದ ಮೇಲೆ

ಬ್ಯಾಂಕಿನಿಂದ ನಿವೃತ್ತನಾದವನಿಗೆ ಪೆನ್ಷನ್ ಜೊತೆಗೆ ಇನ್ನೊಂದು ಬಾಬತ್ತೂ ಗಂಟುಬೀಳುತ್ತದೆ. ಬಳಗದಲ್ಲಿ ಯಾರು ಹೊಸ ದಂಧೆ ತೆಗೆದರೂ ಕಾಗದಗಳನ್ನು ಹಿಡಿದುಕೊಂಡು ಬಂದು "ಜರಾ ನೋಡ್ರಿ" ಎನ್ನುತ್ತಾರೆ. ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಕೋಳಿ ಫಾರಂ, ಪೆಂಡಾಲ್ ಬಾಡಿಗೆ ಎಲ್ಲವನ್ನೂ ನೋಡಿದ್ದೇನೆ. ನೌಕರಿ ಉದ್ದಕ್ಕೂ ಸಾಲದ ಅರ್ಜಿ ಓದಿ ನಾನು ಕಲಿತದ್ದು ಇಷ್ಟು: ಅರ್ಜಿಯಲ್ಲಿರುವ ಎಮ್ಮೆ ವರ್ಷದ ಅಷ್ಟೂ ದಿನ ಹಾಲು ಕೊಡುತ್ತದೆ. ಕೊಟ್ಟಿಗೆಯಲ್ಲಿರುವ ಎಮ್ಮೆ ಮಾತ್ರ ಆ ಅರ್ಜಿಯನ್ನು ಓದಿರುವುದಿಲ್ಲ.

ಭಾಲ್ಕಿಯ ನಮ್ಮ ಅಕ್ಕನ ಮಗ ಕಾಗದ ತರಲಿಲ್ಲ, ಲ್ಯಾಪ್‌ಟಾಪ್ ತಂದ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ನೌಕರಿ ಮಾಡುತ್ತಿದ್ದವನು ಅದನ್ನು ಬಿಟ್ಟು ಬಂದಿದ್ದ. ನೌಕರಿ ಬಿಟ್ಟ ಸುದ್ದಿ ಅಕ್ಕನಿಗೆ ಗೊತ್ತಾಗುವ ಮೊದಲು ನನ್ನ ಸಹಿ ಬೇಕಾಗಿತ್ತು ಅಂತ ಕಾಣುತ್ತದೆ.

"ಮಾಮಾ, ಮ್ಯೂಸಿಕ್ ಥೆರಪಿ ಆ್ಯಪ್. ನೀವು ರೋಗ ಹೇಳ್ರಿ, ಅದು ರಾಗ ಹೇಳ್ತದ."

ಪರದೆಯ ಮೇಲೆ ಪಟ್ಟಿ ಬಂತು. ಬಿಪಿಗೆ ದರ್ಬಾರಿ. ಸಕ್ಕರೆಗೆ ಬೇರೆ. ಮೊಣಕಾಲಿಗೆ ಇನ್ನೊಂದು. ಅಸಿಡಿಟಿಗೆ ಯಮನ್, ದಿನಕ್ಕೆ ಎರಡು ಸಲ, ಊಟವಾದ ಮೇಲೆ. ಯಮನ್ ಸಂಜೆಯ ರಾಗ ಅಲ್ಲವೇನೋ, ಮಧ್ಯಾಹ್ನದ ಊಟಕ್ಕೆ ಹೇಗೆ ಎಂದೆ. ದರ್ಬಾರಿಯಂತೂ ನಡುರಾತ್ರಿಯದು. ಬಿಪಿಯವರು ಅದನ್ನು ಕೇಳಬೇಕೆಂದರೆ ನಡುರಾತ್ರಿಯವರೆಗೆ ಎಚ್ಚರ ಇರಬೇಕು, ಎಚ್ಚರ ಇದ್ದರೆ ಬಿಪಿ ಏರಬೇಕು, ಏರಿದ ಬಿಪಿಗೆ ಮತ್ತೆ ದರ್ಬಾರಿ. ಅವನು ಇದನ್ನು ಕೇಳಿ ಗಾಬರಿಯಾಗಲಿಲ್ಲ. ಗ್ರಾಹಕ ಬಿಟ್ಟುಹೋಗದೆ ಉಳಿಯುವುದಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರಿದೆಯಂತೆ, ಅದು ತುಂಬಾ ಒಳ್ಳೆಯದಂತೆ.

ಮುಂದೆ ಮಾರುಕಟ್ಟೆಯ ಲೆಕ್ಕ. ದೇಶದಲ್ಲಿ ನೂರನಲವತ್ತು ಕೋಟಿ ಜನ, ಅದರಲ್ಲಿ ಶೇಕಡಾ ಒಂದು ಮಂದಿ ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ ಕೊಟ್ಟರೂ ಸಾಕು ಎಂದು ಅವನು ಒಟ್ಟು ಮೊತ್ತ ಹೇಳುವ ಹೊತ್ತಿಗೆ ಸರಿಯಾಗಿ ನೆತ್ತಿಯ ಮೇಲೆ ವಾಯುಪಡೆಯ ಹಾಕ್ ವಿಮಾನ ಹೋಯಿತು. ಬೀದರಿನವರಿಗೆ ಇದು ಹೊಸದಲ್ಲ. ನಾವು ಬಾಯಿ ತೆರೆದಲ್ಲೇ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತೇವೆ. ಹೈದರಾಬಾದಿನಲ್ಲಿದ್ದು ಆ ರೂಢಿ ತಪ್ಪಿದ ಹುಡುಗ ಹಾಗೇ ಮಾತಾಡುತ್ತ ಹೋದ. ಆ ಮೊತ್ತ ಎಷ್ಟೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ರಾಗದಿಂದ ರೋಗ ಹೋಗ್ತದ ಅನ್ನೂದಕ್ಕ ಪುರಾವೆ?" ಎಂದೆ. ಅದಕ್ಕೂ ಸ್ಲೈಡ್ ಇತ್ತು. ಮುತ್ತುಸ್ವಾಮಿ ದೀಕ್ಷಿತರ ಶಿಷ್ಯ ತಂಬಿಯಪ್ಪನಿಗೆ ತಾಳಲಾರದ ಹೊಟ್ಟೆನೋವು. ಅವನ ಜಾತಕದಲ್ಲಿ ಗುರುಬಲ ಇಲ್ಲವೆಂದು ದೀಕ್ಷಿತರು ಅಠಾಣ ರಾಗದಲ್ಲಿ ಬೃಹಸ್ಪತಿಯ ಮೇಲೆ ಕೃತಿ ಕಟ್ಟಿ ಹಾಡಲು ಹೇಳಿದರು, ನೋವು ಹೋಯಿತು, ನವಗ್ರಹ ಕೃತಿಗಳು ಹುಟ್ಟಿದ್ದೇ ಹಾಗೆ ಎಂದು ಸಂಪ್ರದಾಯ ಹೇಳುತ್ತದೆ. ಕಥೆ ಚೆಂದವಾಗಿದೆ. ಆದರೆ ಬ್ಯಾಂಕಿನ ಕಣ್ಣಿಗೆ ಕಾಣುವುದು ಬೇರೆ: ಒಬ್ಬ ರೋಗಿ, ಅವನ ಹೆಸರಿಗೇ ಹೊಸ ಕೃತಿ, ವೈದ್ಯರ ಜಾಗದಲ್ಲಿ ಸಾಕ್ಷಾತ್ ದೀಕ್ಷಿತರು. ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿಗೆ ಇದು ಗಿಟ್ಟುವುದಿಲ್ಲ.

ಎರಡನೆಯ ಪುರಾವೆ ರೋಮಿನದು. 1933ರಲ್ಲಿ ಪಂಡಿತ್ ಓಂಕಾರನಾಥ ಠಾಕೂರರು ನಿದ್ದೆ ಬಾರದ ಮುಸೊಲಿನಿಗೆ ಪೂರಿಯಾ ಹಾಡಿ ಮಲಗಿಸಿದರು ಎಂಬ ಪ್ರಸಿದ್ಧ ಕಥೆ. ಇರಬಹುದು. ಅವನು ಎದ್ದ ಮೇಲೆ ಏನು ಮಾಡಿದ ಎನ್ನುವುದೂ ಇತಿಹಾಸದಲ್ಲಿ ಇದೆಯಲ್ಲ! 1935ರಲ್ಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದ. ಅಡ್ಡಪರಿಣಾಮಗಳ ಕಾಲಂನಲ್ಲಿ ಇದನ್ನು ಬರಕೋ ಎಂದೆ.

ಮೂರನೆಯದು ಮೊಜಾರ್ಟ್. 1993ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಕಾಲೇಜು ಹುಡುಗರಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ ಪರೀಕ್ಷೆ ಕೊಟ್ಟರು. ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಬಿಚ್ಚುವ ಒಂದು ಬಗೆಯ ಲೆಕ್ಕದಲ್ಲಿ ಅಂಕ ತುಸು ಹೆಚ್ಚು ಬಂತು, ಹತ್ತು-ಹದಿನೈದು ನಿಮಿಷದಲ್ಲಿ ಆ ಪ್ರಭಾವವೂ ಇಳಿಯಿತು. ಅವರು ಬರೆದದ್ದು ಇಷ್ಟೇ. 1998ರ ಹೊತ್ತಿಗೆ ಜಾರ್ಜಿಯಾ ರಾಜ್ಯದ ಗವರ್ನರ್ ಸಾಹೇಬರು ಹುಟ್ಟಿದ ಪ್ರತಿ ಕೂಸಿಗೂ ಸಂಗೀತದ ಸಿಡಿ ಹಂಚಲು ಬಜೆಟ್ಟಿನಲ್ಲಿ 1,05,000 ಡಾಲರ್ ಕೇಳಿದರು. ಸಂಗೀತಕ್ಕೆ ಬಿಪಿ ಇಳಿಸುವ ಶಕ್ತಿ ಎಷ್ಟಿದೆಯೋ, ಬಜೆಟ್ ಏರಿಸುವ ಶಕ್ತಿಯಂತೂ ಇದೆ.

ನಮ್ಮ ನೆಲದ ಪುರಾವೆ ಬೇಕೆಂದರೆ ನಾನೇ ಒಂದು ಕೊಡಬಲ್ಲೆ. 'ಕಿತಾಬ್-ಎ-ನೌರಸ್' ಬರೆದ, ಸಂಗೀತವನ್ನೇ ಉಸಿರಾಡುತ್ತಿದ್ದ ವಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ 1619ರಲ್ಲಿ ಬೀದರನ್ನು ವಶಮಾಡಿಕೊಂಡ. ರಾಗದಿಂದಲೇ ಜನ ತಣ್ಣಗಾಗುವುದಿದ್ದರೆ ಅವನಿಗಿಂತ ತಿಳಿದವರು ಯಾರು? ಅವನೂ ಸೈನ್ಯವನ್ನೇ ನಂಬಿದ.

ಪ್ರತಿಸ್ಪರ್ಧಿಗಳ ಸ್ಲೈಡಿನಲ್ಲಿ ವಿದೇಶಿ ಆ್ಯಪ್‌ಗಳ ಹೆಸರೇ ತುಂಬಿದ್ದವು. ಊರಿನ ಒಬ್ಬರ ಹೆಸರೂ ಇರಲಿಲ್ಲ. ನಾನಕ್ ಝೀರಾ ಗುರುದ್ವಾರದಲ್ಲಿ ಕೀರ್ತನೆ ನಡೆಯುತ್ತದೆ. ಚಂದಾ ಇಲ್ಲ, ನಡುವೆ ಜಾಹೀರಾತಿಲ್ಲ, ಮೇಲೆ ಲಂಗರಿನಲ್ಲಿ ಊಟ. ಹುಮನಾಬಾದ್ ಹತ್ತಿರದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಕಾಲದಿಂದ ಹಾಡು ನಿಂತಿಲ್ಲ. ದರ್ಗಾಗಳಲ್ಲಿ ಕವ್ವಾಲಿ, ಓಣಿಗಳಲ್ಲಿ ಭಜನೆ, ಮೊಹರಂ ಪದ, ತತ್ವಪದ. ಇವೆಲ್ಲದರ ಮೇಲೆ ಮದುವೆ ಮೆರವಣಿಗೆಯ ಡಿಜೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಡಿಜೆಯ ಹುಡುಗರಿಗೆ ಆ ಅಂಕಿ ಬಹುಶಃ ಬಸ್ಸಿನ ನಂಬರಿನಂತೆ ಕೇಳಿಸಿರಬೇಕು. ಈ ಊರಿನಲ್ಲಿ ಒಂದು ಗುಂಡಿ ಒತ್ತಿದರೆ ಸುತ್ತಲಿನ ಸದ್ದೆಲ್ಲ ನಿಲ್ಲುವ ಆ್ಯಪ್ ಮಾಡು, ಕಣ್ಣು ಮುಚ್ಚಿ ಸಾಲ ಕೊಡಿಸುತ್ತೇನೆ ಎಂದೆ. ಅದು ತಾಂತ್ರಿಕವಾಗಿ ಕಷ್ಟ ಮಾಮಾ ಎಂದ.

ಸರಿ, ಗ್ರಾಹಕರ ಹತ್ತಿರವೇ ಹೋಗಿ ನೋಡೋಣ ಎಂದು ಭಾಲ್ಕಿಗೆ ಹೋದೆವು. ಮೊದಲ ಗ್ರಾಹಕಿ ಅಕ್ಕ. ಅವಳಿಗೆ ಮೊಣಕಾಲು ನೋವು, ನಿದ್ದೆ ಇಲ್ಲ, ಸಕ್ಕರೆಯೂ ಇದೆ. ಅಂದರೆ ಪಟ್ಟಿಯಲ್ಲಿದ್ದ ಅರ್ಧ ರಾಗಗಳಿಗೆ ಅವಳೊಬ್ಬಳೇ ಸಾಕು. ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ. ಕಣ್ಣು ಮುಚ್ಚಿದಳು, ಮುಖ ಸಡಿಲಾಯಿತು, ಉಸಿರು ನಿಧಾನವಾಯಿತು. ಹುಡುಗ ನನ್ನತ್ತ ಗೆದ್ದವರ ನೋಟ ಬೀರಿದ. ಸದ್ಯಕ್ಕೆ ಹಾಡುಗಳನ್ನು ಯಾವುದೋ ಬಿಟ್ಟಿ ತಾಣದಿಂದ ಎತ್ತಿಕೊಂಡಿದ್ದನಾದ್ದರಿಂದ ನಡುವೆ ಜಾಹೀರಾತು ಬಂತು. ಅಕ್ಕ ಥಟ್ಟನೆ ಕಣ್ಣು ಬಿಟ್ಟಳು.

"ಸೋಯಾಬೀನ್ ಕಳೆ ಔಷಧ ಅಂತ. ಲೀಟರಿಗಿ ಎಷ್ಟಂತ ಹೇಳ್ಲೇ ಇಲ್ಲಲ್ಲೋ?"

ಚಹಾ ಕುಡಿಯುತ್ತ ನಾನು ಕಾನೂನಿನ ಮಾತು ತೆಗೆದೆ. 1954ರ ಒಂದು ಕಾಯ್ದೆ ಇದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತಿನದು. ಸಕ್ಕರೆ ರೋಗ, ರಕ್ತದೊತ್ತಡ, ಪಾರ್ಶ್ವವಾಯು, ಮೂರ್ಛೆರೋಗ ಹೀಗೆ ಉದ್ದನೆಯ ಪಟ್ಟಿ ಅದರಲ್ಲಿದೆ. ಇವನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವ ಹಾಗಿಲ್ಲ. ತಾಯಿತ, ಮಂತ್ರ, ಕವಚಗಳನ್ನೂ ಹೆಸರು ಹಿಡಿದು ಹೇಳಿದೆ. ರಾಗದ ಹೆಸರಿಲ್ಲ ನಿಜ, ಆದರೆ ವಕೀಲರಿಗೆ ಅಷ್ಟು ಸಂದು ಸಾಕು, ಎರಡೂ ಕಡೆಯ ವಕೀಲರಿಗೆ. ಹುಡುಗನ ಹತ್ತಿರ ಇದಕ್ಕೂ ಉಪಾಯ ಇತ್ತು.

"ಅದಕ್ಕೇ ಮಾಮಾ, ಹೊರಗ 'ವೆಲ್‌ನೆಸ್' ಅಂತ ಬೋರ್ಡ್ ಹಾಕೂದು. ಒಳಗ ಟ್ರೀಟ್‌ಮೆಂಟ್. ನಮ್ಮ ಪಟ್ಟದ್ದೇವ್ರು ಮಾಡಿದಂಗ."

ಭಾಲ್ಕಿಯ ಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ ಅದು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಪಾಠ ಮಾಡಿಸಿದರು. ಆ ಹೆಸರು ಕೇಳಿದ್ದೇ ಅಕ್ಕ ಚಹಾದ ಬಸಿ ಕೆಳಗಿಟ್ಟಳು.

"ಅವ್ರು ಬೋರ್ಡ್ ಸುಳ್ಳ ಹಾಕಿ ಒಳಗ ಖರೇದು ಕಲಿಸಿದ್ರು. ನೀ ಬೋರ್ಡ್ ಖರೇ ಹಾಕಿ ಒಳಗ ಸುಳ್ಳ ಮಾರ್ಲತ್ತಿ. ಎರಡೂ ಒಂದೇ ಏನೋ?"

ನೌಕರಿ ಉದ್ದಕ್ಕೂ ನಾನು ಬರೆದ ಯಾವ ಪರಿಶೀಲನಾ ವರದಿಯೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಇರಲಿಲ್ಲ. ನೌಕರಿ ಬಿಟ್ಟ ವಿಷಯವೂ ಅದೇ ಚಹಾದಲ್ಲಿ ಹೊರಬಿತ್ತು. ಆ ಭಾಗವನ್ನು ಇಲ್ಲಿ ಬಿಟ್ಟಿದ್ದೇನೆ.

ಔರಾದ್‌ಗೆ ಹೋಗಿದ್ದು ಹಳ್ಳಿಯ ಮಾರುಕಟ್ಟೆಯ ಅಂದಾಜು ಸಿಗಲಿ ಎಂದು. ಕರ್ನಾಟಕದ ನಕ್ಷೆಯಲ್ಲಿ ನೆತ್ತಿಯಲ್ಲಿರುವ ತಾಲ್ಲೂಕು. ಒಂದೇ ಕಟ್ಟೆಯ ಮೇಲೆ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ತಿರುಗಿ ಉರ್ದುವಿನಲ್ಲಿ ಮುಗಿಯುತ್ತದೆ. ಆ್ಯಪ್‌ನಲ್ಲಿ ಭಾಷೆ ಆರಿಸಿಕೊಳ್ಳಿ ಎಂಬ ಪುಟ ತೋರಿಸಿದಾಗ ಒಬ್ಬ ಆಯಿ, "ಒಂದೇ ಆರಿಸಬೇಕೇನು?" ಎಂದು ಬೇಸರಪಟ್ಟಳು. ಅಭಂಗ ಇದೆಯೇ ಎಂದೂ ಕೇಳಿದಳು. ಅಮರೇಶ್ವರ ಗುಡಿಯ ಹತ್ತಿರ ಸಿಕ್ಕ ರೈತರೊಬ್ಬರಿಗೆ ಹುಡುಗ ನಿದ್ದೆಯ ರಾಗದ ವಿವರ ಕೊಟ್ಟ. ಅವರು ಸಾವಧಾನವಾಗಿ ಕೇಳಿಸಿಕೊಂಡು, "ರಾಗ ಬ್ಯಾಡ ತಮ್ಮಾ, ತೊಗರಿ ರೇಟ್ ಹೇಳು. ರೇಟ್ ಚಲೋ ಬಂದ್ರ ನಿದ್ದಿ ತಾನೇ ಬರ್ತದ" ಎಂದರು.

ಹುಡುಗ ಸೋಲುವ ಜಾತಿಯಲ್ಲ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು 2001ರಲ್ಲಿ ಸಾವಿರ ಹಸುಗಳಿಗೆ ಹಾಡು ಕೇಳಿಸಿ ನೋಡಿದ ಸಂಗತಿಯನ್ನು ಬಿಡಿಸಿ ಹೇಳಿದ. ನಿಧಾನ ಗತಿಯ ಹಾಡಿಗೆ ಒಂದೊಂದು ಹಸು ದಿನಕ್ಕೆ 0.73 ಲೀಟರ್ ಹಾಲು ಹೆಚ್ಚು ಕೊಟ್ಟಿತಂತೆ, ಸುಮಾರು ಶೇಕಡಾ ಮೂರು. ಈಗ ರೈತರು ನಿಜಕ್ಕೂ ಕಿವಿಗೊಟ್ಟರು. ನಮ್ಮ ದೇವಣಿ ತಳಿ ಹಾಲಿಗೂ ಸೈ, ಗಳೇವಿಗೂ ಸೈ. ಅದರಲ್ಲಿ ಪೂರಾ ಬಿಳಿಯದು ಬಾಳಂಕ್ಯಾ, ಮೈ ಬಿಳಿ ಮುಖ ಕಪ್ಪು ಇದ್ದರೆ ವಾನೇರಾ, ಮೈಮೇಲೆ ಕಪ್ಪು ಮಚ್ಚೆ ಇದ್ದರೆ ಶೇವೇರಾ. ಮೂರಕ್ಕೂ ಒಂದೇ ಹಾಡೋ, ಬೇರೆ ಬೇರೆಯೋ? ಎತ್ತಿಗೆ ಯಾವುದು, ಆಕಳಿಗೆ ಯಾವುದು? ನಿಧಾನದ ಹಾಡು ಕೇಳಿ ಎತ್ತು ನಿಧಾನವಾದರೆ ಹೊಲ ಯಾರು ಹೂಡಬೇಕು? ಲ್ಯಾಪ್‌ಟಾಪ್ ತುಂಬ ಸ್ಲೈಡ್ ಮಾಡಿಕೊಂಡ ಹುಡುಗನಿಗೆ ಬಂಡವಾಳ ಹೂಡುವವರು ಯಾರೂ ಇಷ್ಟು ಚೊಕ್ಕ ಪ್ರಶ್ನೆ ಕೇಳಿರಲಿಲ್ಲ. ಡೆಮೊ ತೋರಿಸೋಣ ಎಂದರೆ ನೆಟ್‌ವರ್ಕ್ ಇರಲಿಲ್ಲ. ಆಚೆ ನೀರಿನ ಟಾಕಿ ಹತ್ತಿರ ಸಿಗುತ್ತದೆ ಎಂದು ಒಬ್ಬರು ತೋರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗ ಸಪ್ಪಗಿದ್ದ. ಆಗ ನಾನು ಹೇಳಬೇಕಾದ್ದನ್ನು ಹೇಳಿದೆ. ಸಂಗೀತದಿಂದ ಏನೂ ಆಗುವುದಿಲ್ಲ ಎಂದಲ್ಲ. ಆಗುವುದನ್ನು ನೀನು ಸ್ಲೈಡಿನಲ್ಲಿ ಹಾಕಿಲ್ಲ, ಯಾಕೆಂದರೆ ಅದರಲ್ಲಿ ಪವಾಡವಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಹಾಡು ಕೇಳಿದ ರೋಗಿಗೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಹೇಳಿದ್ದಾರೆ. ಲಕ್ವಾ ಹೊಡೆದು ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತದೆ. ಅದನ್ನೇ ಹಿಡಿದು ಮಾತು ಕಲಿಸುವ ಪದ್ಧತಿಯನ್ನು ಬಾಸ್ಟನ್‌ನವರು 1973ರಲ್ಲಿ ರೂಪಿಸಿದರು. ಕೊಲರಾಡೋದಲ್ಲಿ ಮೈಕೆಲ್ ಥೌಟ್ ಎಂಬುವರು 1990ರ ದಶಕದಲ್ಲಿ ಇನ್ನೂ ಸರಳವಾದದ್ದನ್ನು ಮಾಡಿ ತೋರಿಸಿದರು. ಲಕ್ವಾ, ಪಾರ್ಕಿನ್ಸನ್ ಆದವರ ಹೆಜ್ಜೆಯ ಗತಿ ಎಣಿಸಿ, ಅದೇ ಗತಿಯಲ್ಲಿ ತಾಳ ಕೇಳಿಸಬೇಕು. ಹೆಜ್ಜೆ ತಾಳಕ್ಕೆ ಕೂಡಿಕೊಂಡ ಮೇಲೆ ತಾಳವನ್ನು ತುಸುವೇ ಏರಿಸಬೇಕು. ಕಿವಿ ಹೇಳಿದ್ದನ್ನು ಕಾಲು ಕೇಳುತ್ತದೆ. ಇಲ್ಲಿ ರಾಗ ಬೇಡ, ಪಂಡಿತರು ಬೇಡ, ನೆಟ್‌ವರ್ಕೂ ಬೇಡ. ಪಕ್ಕದಲ್ಲಿ ನಡಿಗೆ ಕಲಿಸಲು ಬಲ್ಲ ಫಿಜಿಯೋಥೆರಪಿಸ್ಟ್ ಒಬ್ಬರು ಮಾತ್ರ ಬೇಕೇ ಬೇಕು.

"ಇದಕ್ಕ ಯಾರು ದುಡ್ಡು ಹಾಕ್ತಾರ ಮಾಮಾ? ಬರೇ ಟಕ್ ಟಕ್ ಅಂತದ."

ಅದೇ ತೊಡಕು. ನಡೆಯುವ ಭಾಗ ಮಾರುವುದಿಲ್ಲ, ಮಾರುವ ಭಾಗ ನಡೆಯುವುದಿಲ್ಲ. ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ಐವತ್ತು ಲಕ್ಷದವರೆಗೆ ಅನುದಾನ ಇದೆ, ಅರ್ಜಿ ಹಾಕು, ಆದರೆ ಸಕ್ಕರೆ, ಬಿಪಿ, ಅಸಿಡಿಟಿ ಮೂರನ್ನೂ ಕಿತ್ತುಹಾಕಿದ ಮೇಲೆ ಎಂದು ಷರತ್ತು ಬರೆದುಕೊಟ್ಟೆ. ಹಾಡಿದವರಿಗೆ ದುಡ್ಡು ಯಾರು ಕೊಡುತ್ತಾರೆ ಎಂಬ ಸಾಲನ್ನೂ ಸೇರಿಸಿದೆ. ಎಐ ಹಾಡುತ್ತದೆ ಎಂದ. ಹಾಗಾದರೆ ಚಂದಾ ಕಟ್ಟುವುದೂ ಎಐಯೇ ಇರಲಿ ಎಂದೆ.

ಹುಡುಗ ಮುನಿಸಿಕೊಂಡು ಹೋದನೆಂದೇ ನಾನು ತಿಳಿದಿದ್ದೆ. ಆದರೆ ಅಕ್ಕನ ಮನೆಯ ಓಣಿಯಲ್ಲಿ ಲಕ್ವಾ ಹೊಡೆದ ಕಾಕಾ ಒಬ್ಬರಿದ್ದಾರೆ. ಅವರಿಗೆ ನಡಿಗೆ ಮಾಡಿಸಲು ಬರುವ ಫಿಜಿಯೋಥೆರಪಿಸ್ಟರ ಕೈಕಾಲು ಹಿಡಿದು ಒಪ್ಪಿಸಿ, ಫೋನಿನಲ್ಲಿ ಬರೀ ತಾಳ ಹಾಕಿಕೊಟ್ಟಿದ್ದಾನೆ. ಮೊದಲು ಗಡಿಯಾರದ ಟಕ್ ಟಕ್ ಕೇಳಿಸಿದಾಗ ಕಾಕಾ ಮುಖ ತಿರುಗಿಸಿದರಂತೆ. ಮೊಹರಂ ಹಲಗಿಯ ಪೆಟ್ಟನ್ನೇ ಧ್ವನಿಮುದ್ರಿಸಿಕೊಂಡು ನಿಧಾನಿಸಿ ಹಾಕಿದ ಮೇಲೆ ಕಾಲು ಎತ್ತತೊಡಗಿದರು. ಅಂಗಳದ ಈ ತುದಿಯಿಂದ ಆ ತುದಿಗೆ, ಆಮೇಲೆ ಓಣಿಯ ತಿರುವಿನವರೆಗೆ. ಮೊನ್ನೆ ಕಾಕಿ ಹುಡುಗನಿಗೆ ಫೋನ್ ಮಾಡಿ, ಇವರು ಚಹಾದ ಹೋಟೆಲ್ಲಿನವರೆಗೆ ಹೋಗಿ ಬಜ್ಜಿ ತಿಂದು ಬರುತ್ತಿದ್ದಾರೆ, ಇದನ್ನು ಬಂದ್ ಮಾಡುವ ಗುಂಡಿ ಯಾವುದು ಎಂದು ವಿಚಾರಿಸಿದರಂತೆ.