ಲೀಡಣ್ಣ

ನಂಜನಗೂಡು, ಟಿ. ನರಸೀಪುರದ ಕಡೆ ಗಣಪತಿ ಕೂರಿಸಿ ಆರ್ಕೆಸ್ಟ್ರಾ ಇಟ್ಟರೆ ಲೀಡ್ ಗಿಟಾರಿನ ಲೀಡಣ್ಣ ಇದ್ದೇ ಇರುತ್ತಾನೆ. ಹಗಲು ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು, ರಾತ್ರಿ ಕಪ್ಪು ಕನ್ನಡಕ. ಫೋಕಸ್ ಲೈಟು ಎಲ್ಲಿ ಬೀಳುತ್ತದೋ ಅಲ್ಲೇ ಅವನ ಜಾಗ. ಹಿಂದೆ, ಸ್ಪೀಕರ್ ಬಾಕ್ಸಿನ ಮರೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುವ ಹುಡುಗ ರಿದಂ ಗಿಟಾರು. ಅವನಿಗೂ ಹೆಸರಿದೆ, ನಿರೂಪಕರು ಹೇಳುವುದಿಲ್ಲ, ಅಷ್ಟೆ.

ಹುಡುಗ ಕೆಳಗಿನ ಫ್ರೆಟ್ಟುಗಳಲ್ಲಿ ಜಿ ಕಾರ್ಡು ಹಿಡಿದರೆ, ಲೀಡಣ್ಣನೂ ಅಲ್ಲಿಗೇ ಬಂದು ಅದೇ ಜಿ ಹಿಡಿದು ಸ್ವರಗಳ ಓಟ ಶುರು ಮಾಡುತ್ತಾನೆ.

“ಅಣ್ಣಾ, ನೀವು ಏಳನೇ ಫ್ರೆಟ್ಟಿನ ಮೇಲೆ ನುಡಿಸಿ. ಇಬ್ರೂ ಇಲ್ಲೇ ಇದ್ರೆ ಗಜಿಬಿಜಿ ಆಯ್ತದೆ.”

“ಲೇ, ನಂಗೇ ಹೇಳ್ಕೊಡ್ತೀಯಾ?”

ಯಾರಾದರೂ ಹೇಳಿಕೊಡಲೇಬೇಕು. ಗಾಯಕ ಉಸಿರೆಳೆದುಕೊಳ್ಳುವ ಸಂದಿನಲ್ಲಿ ಮೂರು ಸ್ವರ ಇಟ್ಟು ಸುಮ್ಮನಾಗುವುದು ಲೀಡಿನ ಕಸುಬು. ಜಿ ಕಾರ್ಡು ಸಿ ಕಾರ್ಡಿಗೆ ತಿರುಗುವಾಗ, ಬಿ ಸ್ವರದ ಮೇಲಿರುವ ಬೆರಳನ್ನು ಒಂದೇ ಒಂದು ಫ್ರೆಟ್ಟು ಮುಂದೆ ಜರುಗಿಸಿದರೆ ಸಿ ಸಿಕ್ಕಿತು. ಹಿಂದಿನವನ ಕೈ ತಿರುಗಿದಾಗಲೇ ಮುಂದಿನವನ ಬೆರಳೂ ಜರುಗಿದರೆ ಕೇಳುವವರ ಮೈ ಜುಮ್ಮೆನ್ನಬೇಕು. ಆದರೆ ಹಿಂದಿನವನು ಕೇಳಿಸಬೇಕಲ್ಲ! ಲೀಡಣ್ಣನ ಮಾನಿಟರಿನಲ್ಲಿ ಲೀಡಣ್ಣ ಮಾತ್ರ. ಮೈಕ್‌ಸೆಟ್ಟಿನವನಿಗೆ ಹಾಗೆಂದು ಕಟ್ಟಪ್ಪಣೆಯಾಗಿದೆ.

ರಾಜನ್–ನಾಗೇಂದ್ರ ಎಂದರೆ ಅವನಿಗೆ ಪ್ರಾಣ. ನಮ್ಮ ಮೈಸೂರಿನ ಅಣ್ಣತಮ್ಮಂದಿರು, ‘ಸೌಭಾಗ್ಯಲಕ್ಷ್ಮಿ’ಯಿಂದ ಜೋಡಿಯಾಗಿಯೇ ಸಂಗೀತ ಕೊಟ್ಟವರು ಎಂದು ಕಂಡಕಂಡವರಿಗೆ ಹೇಳುತ್ತಾನೆ. ಹೇಳುವಾಗಲೂ ಹುಡುಗನ ಕಡೆ ತಿರುಗುವುದಿಲ್ಲ. ಸರದಿ ಕಾಯುವುದೆಂದರೆ ಅವನಿಗಾಗದು. ನಂಜನಗೂಡಿನ ನಂಜುಂಡೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಒಂದರ ಹಿಂದೆ ಒಂದು ಹೊರಡುವುದರಿಂದ ರಥಬೀದಿ ಬಚಾವು. ಉಸ್ತುವಾರಿ ಲೀಡಣ್ಣನದಾಗಿದ್ದರೆ ಐದೂ ಒಟ್ಟಿಗೇ ನುಗ್ಗುತ್ತಿದ್ದವು.

ಒಮ್ಮೆ ತಿರುಮಕೂಡಲಿನ ಕಡೆ ಕಾರ್ಯಕ್ರಮ. ಹುಡುಗ ಬಂದಿರಲಿಲ್ಲ. ಇಡೀ ವೇದಿಕೆ ನಂದೇ ಎಂದು ಲೀಡಣ್ಣ ಹಿಗ್ಗಿದ. ಎರಡನೇ ಹಾಡಿಗೇ ಹಿಗ್ಗು ಇಳಿಯಿತು. ಓಟವೇನೋ ಜೋರಾಗಿತ್ತು, ಕೆಳಗೆ ಕಾರ್ಡಿಲ್ಲದೆ ಅದು ಯಾವ ಹಾಡಿನದೆಂದೇ ಗೊತ್ತಾಗಲಿಲ್ಲ. ಕೀಬೋರ್ಡಿನ ಮೇಷ್ಟ್ರು ಎಡಗೈಯಲ್ಲಿ ಕಾರ್ಡು ಒತ್ತಿ ಒತ್ತಿ ಮಾನ ಉಳಿಸಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು, “ಹಾಡು ಯಾವಾಗ ಶುರು ಮಾಡ್ತಾರಪ್ಪ?” ಎಂದು ಮೊಮ್ಮಗನನ್ನು ಕೇಳಿದರು.

ಅಧ್ಯಕ್ಷರ ಸನ್ಮಾನದ ಹೊತ್ತಿಗೆ ಲೀಡಣ್ಣ ಶಾಮಿಯಾನದ ಹಿಂದೆ ಫೋನು ಹಿಡಿದಿದ್ದ.

“ಎಲ್ ಸತ್ಯೋ? ನಾನು ಚೆನ್ನಾಗ್ ನುಡಿಸ್ತೀನಿ ಅಂತ ಜನಕ್ಕೆ ಗೊತ್ತಾಗ್ಬೇಕಾದ್ರೆ ನೀನಿರ್ಬೇಕು ಕಣೋ!”

“ಸುತ್ತೂರತ್ರ ಗಾಡಿ ಪಂಚರ್ ಆಗೋಯ್ತು ಅಣ್ಣಾ. ಅಂಗಡಿ ಎಲ್ಲ ಮುಚ್ಚವೆ.”

“ತಳ್ಕೊಂಡಾದ್ರೂ ಬಾರೋ, ಇನ್ನೂ ಹನ್ನೊಂದು ಹಾಡವೆ!”